ಬೀಗರ, ನಿಮ್ಮ ಊರು ಯಾವುದ್ರಿ?

ನಮ್ಮ ಮದುವೆ ಧಾರವಾಡದಲ್ಲಿ ಆಯಿತು. ಗಂಡನ ಮನೆಯವರು ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂದಿದ್ದರು. ಊಟ ಮುಗಿದ ಮೇಲೆ ನನ್ನ ಅಜ್ಜಿ ಮಾವನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಅವಳ ಮಾತು ಅವರಿಗೆ, ಅವರ ಮಾತು ಅವಳಿಗೆ ಹೇಳಲು ನಡುವೆ ನಾನು.

"ಬೀಗರ, ನಿಮ್ಮ ಊರು ಯಾವುದ್ರಿ?"

"ಲ್ಯಾಂಕಾಸ್ಟರ್," ಅಂದರು ಮಾವ.

"ಅಲ್ಲಿಗೆ ಬರೂಕಿಂತ ಮೊದಲ?"

ಮಾವ ಸ್ವಲ್ಪ ಯೋಚಿಸಿದರು. "ಸ್ವಿಟ್ಜರ್ಲೆಂಡ್‌ನಿಂದ ಬಂದವರು ಅಂತ ನಮ್ಮಪ್ಪ ಹೇಳುತ್ತಿದ್ದರು. ಇನ್ನೂರೈವತ್ತು, ಮುನ್ನೂರು ವರ್ಷ ಆಗಿರಬೇಕು."

"ಅದು ದೇಶ ಆತು. ಊರು ಯಾವುದು?"

ಮಾವನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಎಲೆ ಅಡಿಕೆ ತಟ್ಟೆ ಅವರ ಮುಂದೆ ಸರಿಸಿ ಬೇರೆ ಮಾತಿಗೆ ಹೋದಳು. ಆದರೆ ಮಾವ ಆ ಪ್ರಶ್ನೆ ಮರೆಯಲಿಲ್ಲ. ನಾವು ಲ್ಯಾಂಕಾಸ್ಟರ್‌ಗೆ ಬಂದು ಎರಡು ವಾರವೂ ಆಗಿರಲಿಲ್ಲ, ಒಂದು ಭಾನುವಾರ ಕಪಾಟಿನಿಂದ ಹಳೇ ಬೈಬಲ್ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಅಜ್ಜಿ ಕೇಳಿದ್ದು ಸರಿ. ಊರು ಯಾವುದು ಅಂತ ಹುಡುಕೋಣವಾ?" ಅಂದರು. ಅಲ್ಲಿಂದ ನಾಲ್ಕು ವರ್ಷ ನಾವಿಬ್ಬರೂ ಇದೇ ಕೆಲಸಕ್ಕೆ ಬಿದ್ದೆವು. ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನವರು ಈ ಸೀಮೆಯಲ್ಲಿ ತುಂಬಾ ಜನ ಇದ್ದಾರೆ, ಎಲ್ಲರನ್ನೂ ಕೇಳಿ ಬರೆಯಲು ಆಗುವುದಿಲ್ಲ ಅಲ್ವಾ.

ಆ ಬೈಬಲ್ ಜರ್ಮನ್ ಭಾಷೆಯದು. ಮರದ ಹಲಗೆಗೆ ಚರ್ಮ ಹೊದಿಸಿದ ರಟ್ಟು, ಹಿತ್ತಾಳೆಯ ಕೊಂಡಿ. ಫಿಲಡೆಲ್ಫಿಯಾ ಪಕ್ಕದ ಜರ್ಮನ್‌ಟೌನ್‌ನಲ್ಲಿ ಕ್ರಿಸ್ಟೋಫರ್ ಸೌವರ್ ಎಂಬ ಮುದ್ರಕ 1743ರಲ್ಲಿ ಜರ್ಮನ್ ಬೈಬಲ್ ಅಚ್ಚು ಹಾಕಿದ. ಯುರೋಪಿನ ಭಾಷೆಯೊಂದರಲ್ಲಿ ಅಮೆರಿಕದಲ್ಲಿ ಅಚ್ಚಾದ ಮೊದಲ ಬೈಬಲ್ ಅದು. ಮಾವನ ಮನೆಯದು ಅವನ ಮಗ 1763ರಲ್ಲಿ ಹಾಕಿದ ಎರಡನೇ ಮುದ್ರಣ. ಮೊದಲಿನ ಖಾಲಿ ಹಾಳೆಯಲ್ಲಿ ಒಂಬತ್ತು ಮಕ್ಕಳ ಹೆಸರು, ಹುಟ್ಟಿದ ದಿನ. ಮೊದಲನೆಯದು 1736.

ನನಗೆ ಅದನ್ನು ನೋಡಿ ಖುಷಿಯಾಯಿತು. ಆದರೆ ಮಾವ ಒಂದು ಮಾತು ಹೇಳಿದರು, ಆಮೇಲೆ ಪ್ರತಿ ಹೆಜ್ಜೆಗೂ ಅದು ಉಪಯೋಗಕ್ಕೆ ಬಂತು. "ಪುಸ್ತಕ ಅಚ್ಚಾಗಿದ್ದು 1763. ಹುಡುಗ ಹುಟ್ಟಿದ್ದು 1736. ಹಾಗಾದರೆ ಇದನ್ನು ಅವತ್ತೇ ಬರೆದಿಲ್ಲ." ನಿಜ. ಒಂಬತ್ತೂ ಹೆಸರು ಒಂದೇ ಕೈಬರಹ, ಒಂದೇ ಮಸಿ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಯಾರೋ ಒಂದೇ ಸಲ ಕೂತು ನೆನಪಿನಿಂದ ಬರೆದದ್ದು. ಬರೆದದ್ದು ಯಾರು, ಯಾವಾಗ, ಯಾಕೆ ಅಂತ ಕೇಳದೆ ಯಾವ ಕಾಗದವನ್ನೂ ನಂಬಬಾರದು. ಆ ಮಕ್ಕಳ ಅಪ್ಪನ ಹೆಸರೂ ಆ ಹಾಳೆಯಲ್ಲಿತ್ತು. ಇವನೇ ಸಮುದ್ರ ದಾಟಿ ಬಂದ ಅಜ್ಜ. ಮಾವನಿಂದ ಏಳು ತಲೆಮಾರು ಹಿಂದಿನವ. ಅಮ್ಮನ ಹೆಸರು ಇರಲಿಲ್ಲ.

ಅವನ ಸಮಾಧಿ ಸಿಕ್ಕಿದ್ದು ಒಂದು ಜೋಳದ ಹೊಲದ ನಡುವೆ. ಇಲ್ಲಿ ಹಳೇ ರೈತ ಮನೆತನಗಳಿಗೆ ಹೊಲದಲ್ಲೇ ಸ್ವಂತ ಸಮಾಧಿ ಜಾಗ ಇರುತ್ತಿತ್ತು. ಹನ್ನೆರಡು ಕಲ್ಲು, ಸುತ್ತ ಮೊಣಕಾಲೆತ್ತರದ ಗೋಡೆ. ಕಲ್ಲು ಸವೆದು ಬರೀ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಾವ ಮನೆಯಿಂದ ಉದ್ದದ ಕನ್ನಡಿ ತಂದಿದ್ದರು. ಬಿಸಿಲನ್ನು ಕನ್ನಡಿಯಿಂದ ಹಿಡಿದು ಕಲ್ಲಿನ ಮೇಲೆ ಪಕ್ಕದಿಂದ ಓರೆಯಾಗಿ ಬಿಟ್ಟರು. ಅಕ್ಷರದ ಹಳ್ಳಗಳಲ್ಲಿ ನೆರಳು ತುಂಬಿತು. ಒಂದೊಂದೇ ಸಾಲು ಮೇಲೆದ್ದು ಬಂತು. ನಾನು ಮಂಡಿಯೂರಿ ಕೂತು ಬರೆದುಕೊಂಡೆ. ಹಳೇ ಕಲ್ಲಿಗೆ ಸುಣ್ಣ, ಸೀಮೆಸುಣ್ಣ ಏನೂ ಹಚ್ಚಬಾರದು, ಕಲ್ಲು ಹಾಳಾಗುತ್ತದೆ. ಕನ್ನಡಿ ಸಾಕು.

ಜರ್ಮನ್ ಸಮಾಧಿ ಕಲ್ಲುಗಳಲ್ಲಿ ಹುಟ್ಟಿದ ದಿನ ಬರೆಯದೆ, ಸತ್ತಾಗ ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ ಆಗಿತ್ತು ಅಂತ ಬರೆಯುವುದು ಉಂಟು. ಅಜ್ಜ ತೀರಿಕೊಂಡಿದ್ದು 1771ರ ಮಾರ್ಚ್ 14. ಆಗ ಅವನಿಗೆ 65 ವರ್ಷ, 11 ತಿಂಗಳು, 3 ದಿನ. ಲೆಕ್ಕ ಹಿಂದಕ್ಕೆ ಹಾಕಿದರೆ ಹುಟ್ಟಿದ್ದು 1705ರ ಏಪ್ರಿಲ್ 11. ಆ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಅದು ಕೊನೆಯವರೆಗೂ ಅಲ್ಲೇ ಇತ್ತು.

ಮುಂದಿನದು ಉಯಿಲು. ಲ್ಯಾಂಕಾಸ್ಟರ್ ಕೌಂಟಿ ಆಗಿದ್ದು 1729ರಲ್ಲಿ, ಅಲ್ಲಿಂದೀಚೆಗಿನ ಉಯಿಲುಗಳನ್ನು ಜೋಪಾನ ಮಾಡಿದ್ದಾರೆ. ಅಜ್ಜನ ಉಯಿಲು 1770ರದು, ಜರ್ಮನ್‌ನಲ್ಲಿದೆ, ಜೊತೆಗೆ ಆ ಕಾಲದ್ದೇ ಇಂಗ್ಲಿಷ್ ಅನುವಾದ. ಇಂಥ ಕಾಗದದಲ್ಲಿ ಜಮೀನು ಯಾರಿಗೆ ಹೋಯಿತು ಅಂತ ಮಾತ್ರ ನೋಡುವವರೇ ಜಾಸ್ತಿ. ನನ್ನನ್ನು ಹಿಡಿದು ಕೂರಿಸಿದ್ದು ಹೆಂಡತಿಗೆ ಏನೇನು ಕೊಡಬೇಕು ಎಂಬ ಭಾಗ. ಜಮೀನು ತೆಗೆದುಕೊಳ್ಳುವ ಮಗ ತಾಯಿಗೆ ವರ್ಷಕ್ಕೆ 20 ಬುಶೆಲ್ ಗೋಧಿ ಕೊಡಬೇಕು, ಬೀಸಿಸಿ ಕೊಡಬೇಕು. ಒಂದು ಹಂದಿಯ ಮಾಂಸ ಕೊಡಬೇಕು. ಒಂದು ಆಕಳು, ಅದಕ್ಕೆ ಮೇವು. ಕಾಲು ಎಕರೆ ಅಗಸೆ ಬಿತ್ತಿ ಕೊಡಬೇಕು, ನೂಲುವುದು ಅವಳ ಇಷ್ಟ. ತೋಟದ ಹಣ್ಣಿನಲ್ಲಿ ಅವಳಿಗೆ ಬೇಕಾದಷ್ಟು. ಕಟ್ಟಿಗೆ ಒಡೆದು ಅವಳ ಬಾಗಿಲಿಗೆ ತಂದು ಹಾಕಬೇಕು. ಒಲೆಯ ಪಕ್ಕದ ಕೋಣೆ ಅವಳದು. ನೀರಿನ ಬುಗ್ಗೆಗೂ ರೊಟ್ಟಿ ಸುಡುವ ಗೂಡಿಗೂ ಅವಳು ಹೋಗಿ ಬರುವ ದಾರಿಗೆ ಯಾರೂ ಅಡ್ಡ ಬರಬಾರದು.

ಇದನ್ನು ಓದುವಾಗ ನನಗೆ ನಮ್ಮ ಊರಿನ ಹಳೇ ಪಾಲುಪತ್ರಗಳು ನೆನಪಾದವು. ತಾಯಿಗೆ ಇಷ್ಟು ಚೀಲ ಜೋಳ, ಒಂದು ಎಮ್ಮೆ, ಪಡಸಾಲೆಯ ಪಕ್ಕದ ಕೋಣೆ ಅಂತ ಪಂಚರು ಕೂತು ಬರೆಸುತ್ತಿದ್ದರು. ಮಗ ಒಳ್ಳೆಯವನಾಗಿದ್ದರೂ ಬರೆಸುತ್ತಿದ್ದರು. ಸೊಸೆ ಬರುತ್ತಾಳೆ, ಕಾಲ ಬದಲಾಗುತ್ತದೆ, ಕಾಗದದಲ್ಲಿ ಇರಲಿ ಅಂತ. 'ಬಾಗಿಲಿಗೆ ತಂದು ಹಾಕಬೇಕು' ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ಮಾತನ್ನು ಅಷ್ಟು ಬಿಡಿಸಿ ಬರೆಸಿದವ ಆ ಹೆಂಗಸಿನ ಮುಪ್ಪನ್ನು ಕಣ್ಣ ಮುಂದೆ ಕಂಡಿದ್ದ.

ಹೆಂಡತಿಯ ಹೆಸರು ಇಲ್ಲಿ ಸಿಕ್ಕಿತು, ಅನ್ನಾ. ತವರುಮನೆಯ ಹೆಸರು ಇಲ್ಲ. ಹಿರಿ ಮಗಳ ಹೆಸರು ಇಂಗ್ಲಿಷ್ ಅನುವಾದದಲ್ಲಿ ಫ್ರೋನಿಕಾ. ಅದೇ ಹೆಸರು ಜರ್ಮನ್‌ನಲ್ಲಿ ವೆರೆನಾ. ಇಲ್ಲಿನ ಸ್ವಿಸ್ ಮನೆತನಗಳಲ್ಲಿ ವೆರೆನಾ, ವೆರೋನಿಕಾ, ಫ್ರೋನಿಕಾ, ಫ್ರೇನಿ ಎಲ್ಲ ಒಂದೇ ಹೆಸರಿನ ಬೇರೆ ಬೇರೆ ರೂಪ. ಇದು ಗೊತ್ತಿಲ್ಲದೆ ಅನೇಕರು ಒಬ್ಬ ಮಗಳನ್ನು ಇಬ್ಬರು ಮಾಡಿಬಿಟ್ಟಿದ್ದಾರೆ. ಕೊನೆಯಲ್ಲಿ ಅಜ್ಜನ ಸಹಿ. ಕೈ ನಡುಗಿದೆ, ಆದರೆ ಸ್ವಂತ ಸಹಿ. ಮನೆತನದ ಹೆಸರಿನ ಮೊದಲ ಅಕ್ಷರದ ಬಾಲವನ್ನು ಕೆಳಕ್ಕೆಳೆದು ಕುಡುಗೋಲಿನ ಹಾಗೆ ಬಾಗಿಸಿದ್ದಾನೆ. ಅದನ್ನೂ ಫೋಟೊ ತೆಗೆದುಕೊಂಡೆ.

ಜಮೀನಿನ ಕಾಗದಗಳು ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿವೆ. ಪೆನ್ಸಿಲ್ವೇನಿಯಾ ಆಗ ಪೆನ್ ಮನೆತನದ ಕೈಯಲ್ಲಿತ್ತು. ಜಮೀನು ಬೇಕಾದವ ಮೊದಲು ಅರ್ಜಿ ಹಾಕಿ, ಜಮೀನು ಅಳೆಯಲು ಅಪ್ಪಣೆ ಕೊಡುವ ವಾರಂಟ್ ಪಡೆಯಬೇಕು, ಆಮೇಲೆ ಮೋಜಣಿ, ಕೊನೆಗೆ ಪೇಟೆಂಟ್ ಎಂಬ ಹಕ್ಕುಪತ್ರ. 1732ರಿಂದ 100 ಎಕರೆಗೆ 15 ಪೌಂಡು 10 ಶಿಲಿಂಗ್ ಬೆಲೆ, ಮೇಲೆ ಎಕರೆಗೆ ವರ್ಷಕ್ಕೆ ಅರ್ಧ ಪೆನ್ನಿ ಕಂದಾಯ. ಅಜ್ಜ 150 ಎಕರೆ ಕೇಳಿದ್ದ. ಅಂದರೆ 23 ಪೌಂಡು 5 ಶಿಲಿಂಗ್. ವಾರಂಟಿನ ಮೇಲೆ ಫೆಬ್ರವರಿ 1737/8 ಅಂತಿದೆ. ಇಂಗ್ಲಿಷರ ವರ್ಷ ಆಗ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಜನವರಿ, ಫೆಬ್ರವರಿಗೆ ಎರಡೂ ವರ್ಷ ಬರೆಯುವ ರೂಢಿ. ನಮ್ಮ ಲೆಕ್ಕದಲ್ಲಿ ಅದು 1738. ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆ ನಾವು ಇವತ್ತು ಬಳಸುವ ಹೊಸ ಕ್ಯಾಲೆಂಡರಿಗೆ ಬಂದದ್ದು 1701ರಲ್ಲಿ, ಇಂಗ್ಲಿಷರ ಸೀಮೆ ಬಂದದ್ದು 1752ರಲ್ಲಿ. ನಡುವಿನ ಅಷ್ಟೂ ವರ್ಷ ಎರಡೂ ಕಡೆಯ ತಾರೀಖಿಗೆ 11 ದಿನದ ವ್ಯತ್ಯಾಸ. ಇದನ್ನು ಮರೆತರೆ ಮಗು ಹುಟ್ಟುವುದಕ್ಕಿಂತ ಮೊದಲೇ ನಾಮಕರಣ ಆದ ಹಾಗೆ ಕಾಣುತ್ತದೆ.

ಮೋಜಣಿಯ ನಕ್ಷೆಯನ್ನು ನೋಡಿ ಮಾವ ಮಗುವಿನ ಹಾಗೆ ಸಂತೋಷಪಟ್ಟರು. ಒಂದು ಕರಿ ಓಕ್ ಮರದಿಂದ ಶುರು. ಅಲ್ಲಿಂದ ಪರ್ಚ್ ಎಂಬ ಹದಿನಾರೂವರೆ ಅಡಿಯ ಅಳತೆಯಲ್ಲಿ ಇಷ್ಟು, ಹಿಕರಿ ಮರಕ್ಕೆ. ಅಲ್ಲಿಂದ ಇಷ್ಟು, ಒಂದು ಕಲ್ಲಿಗೆ. ರಸ್ತೆಗಾಗಿ ನೂರಕ್ಕೆ ಆರು ಪಾಲು ಹೆಚ್ಚು. ನಮ್ಮ ಖರೀದಿ ಪತ್ರಗಳಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರದು, ಹಾಗೇ ಇಲ್ಲೂ ನಾಲ್ಕೂ ಕಡೆ ನೆರೆಯವರ ಹೆಸರು. ಆ ನಾಲ್ಕು ಹೆಸರನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಆ ಕಾಲದಲ್ಲಿ ಯಾರೂ ಒಬ್ಬರೇ ಬರುತ್ತಿರಲಿಲ್ಲ. ಭಾವ, ಭಾವಮೈದ, ಸೋದರಮಾವನ ಮಕ್ಕಳು, ಒಂದೇ ಊರಿನವರು, ಕೂಡಿ ಬಂದು ಪಕ್ಕಪಕ್ಕದಲ್ಲಿ ಹೊಲ ಹಿಡಿಯುತ್ತಿದ್ದರು. ಈ ಸೀಮೆಗೆ ಮೊದಲು ಬಂದ ಸ್ವಿಸ್ ಮೆನ್ನೊನೈಟರೂ ಹಾಗೇ, ಅದು ಕ್ರೈಸ್ತರ ಒಂದು ಪಂಥ. 1710ರಲ್ಲಿ ಪೆಕ್ವೇ ಹೊಳೆಯ ಬಳಿ ಅವರ ಗುಂಪಿಗೆ 10,000 ಎಕರೆ ಮಂಜೂರಾಯಿತು. ಅವರ ಗುರು ಹಾನ್ಸ್ ಹೆರ್ ಹೆಸರಿನ ಕಲ್ಲಿನ ಮನೆ 1719ರದು, ಇವತ್ತಿಗೂ ನಿಂತಿದೆ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ.

ಇಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು. ಹಡಗಿನ ಪಟ್ಟಿಗೆ ಬಂದಾಗ ದಾರಿ ತಪ್ಪಿದೆವು.

1727ರ ಸೆಪ್ಟೆಂಬರ್‌ನಿಂದ ಫಿಲಡೆಲ್ಫಿಯಾದಲ್ಲಿ ಇಳಿಯುವ ಜರ್ಮನ್ ಮಾತಿನ ಗಂಡಸರೆಲ್ಲ, 16 ವರ್ಷ ದಾಟಿದವರು, ಇಂಗ್ಲೆಂಡಿನ ದೊರೆಗೆ ನಿಷ್ಠರಾಗಿರುತ್ತೇವೆ ಅಂತ ಸಹಿ ಹಾಕಬೇಕಿತ್ತು. ಆ ಪಟ್ಟಿಗಳು ಉಳಿದಿವೆ. 1934ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದವು. ರೈನ್ ನದಿಗುಂಟ ರಾಟರ್‌ಡ್ಯಾಮ್, ಅಲ್ಲಿಂದ ಹಡಗು, ಇಂಗ್ಲೆಂಡಿನ ಕೌಸ್‌ನಂಥ ಬಂದರಿನಲ್ಲಿ ಸುಂಕದ ತಪಾಸಣೆ, ಆಮೇಲೆ ಫಿಲಡೆಲ್ಫಿಯಾ. ಇದು ಎಲ್ಲರ ದಾರಿ. ಹೆಚ್ಚಿನ ಪಟ್ಟಿಗಳಲ್ಲಿ ಹೆಂಗಸರು, ಮಕ್ಕಳ ಹೆಸರಿಲ್ಲ. ಅಷ್ಟು ದೂರ ಮಗುವನ್ನು ಎದೆಗೆ ಅವಚಿಕೊಂಡು ಬಂದ ಹೆಂಗಸು ಯಾವ ಕಾಗದಕ್ಕೂ ಬೇಕಾಗಲಿಲ್ಲ. ಇದು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ. ಇನ್ನು ಗುಮಾಸ್ತರು ಇಂಗ್ಲಿಷ್ ಕಿವಿಯವರು. ಪ ಅಂದರೆ ಬ, ಟ ಅಂದರೆ ಡ. ಹೂಬರ್ ಎಂಬುದು ಹೂವರ್ ಆಗಿದ್ದು ಹೀಗೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಮನೆತನ ಅದು. ಹಿರ್ಶಿ ಎಂಬುದು ಹರ್ಶಿ ಆಯಿತು, ಚಾಕೊಲೇಟಿನ ಹೆಸರಾಗಿ ಎಲ್ಲರಿಗೂ ಗೊತ್ತು. ನನ್ನ ತವರಿನ ಹೆಸರಿನ 'ಳ'ಕಾರವನ್ನು ಇಲ್ಲಿ ಯಾರೂ ಬರೆಯಲಾರರು. ಹಾಗಾಗಿ ಆ ಜನರ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು.

ನಮ್ಮ ಅಜ್ಜನ ಹೆಸರಿನವರು 1730ರಿಂದ 1738ರ ಒಳಗೆ ಮೂರು ಜನ ಇಳಿದಿದ್ದರು. ಇಂಟರ್‌ನೆಟ್‌ನಲ್ಲಿ ಯಾರೋ ಹಾಕಿದ ವಂಶವೃಕ್ಷ ಅವರಲ್ಲಿ ಒಬ್ಬನನ್ನು ತೋರಿಸಿ, ಇವನು ಜ್ಯೂರಿಕ್ ಸೀಮೆಯವ ಅಂತ ಹೇಳುತ್ತಿತ್ತು. ಊರಿನ ಹೆಸರೂ ಇತ್ತು. ಅದನ್ನೇ ಇಪ್ಪತ್ತು ಮೂವತ್ತು ಜನ ನಕಲು ಮಾಡಿದ್ದರು. ಇಷ್ಟು ಜನ ಹೇಳುತ್ತಾರೆ ಅಂತ ನಾವೂ ನಂಬಿದೆವು. ನಂಬಲು ಆಧಾರವೂ ಇತ್ತು. ಅಮೆರಿಕಕ್ಕೆ ಹೋಗುವವರು ಜಾಸ್ತಿಯಾದರು ಅಂತ ಜ್ಯೂರಿಕ್ ಸರಕಾರ 1744ರಲ್ಲಿ ತನ್ನ ಪಾದ್ರಿಗಳಿಗೆ, ನಿಮ್ಮ ಊರಿಂದ ಹತ್ತು ವರ್ಷದಲ್ಲಿ ಯಾರ್‍ಯಾರು ಹೋದರು ಬರೆದು ಕಳಿಸಿ ಅಂದಿತ್ತು. ಆ ಪಟ್ಟಿಯಲ್ಲಿ ಆ ಮನುಷ್ಯನ ಹೆಸರು ನಿಜವಾಗಿಯೂ ಇದೆ. ಎಂಟು ತಿಂಗಳು ಅವನ ಹಿಂದೆ ಹೋದೆವು. ಮಾವ ಆ ಊರಿನ ಫೋಟೊ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದರು.

ಆಮೇಲೆ ಒಂದು ಸಂಜೆ ಪೆನ್ಸಿಲ್ವೇನಿಯಾದ ರಿಫಾರ್ಮ್ಡ್ ಪಂಥದ ಒಂದು ಚರ್ಚಿನ ಪುಸ್ತಕದಲ್ಲಿ ಅದೇ ಮನುಷ್ಯ ಸಿಕ್ಕಿದ. 1740ರ ದಶಕದಲ್ಲಿ ತನ್ನ ಮೂರು ಹಸುಗೂಸುಗಳಿಗೆ ದೀಕ್ಷಾಸ್ನಾನ ಮಾಡಿಸಿದ್ದ. ನಾನು ಮಾವನಿಗೆ ಫೋನ್ ಮಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವನು ನಮ್ಮವನಲ್ಲ," ಅಂದರು. ನಮ್ಮವರು ಮೆನ್ನೊನೈಟರು. ಮಗುವಿಗೆ ದೀಕ್ಷಾಸ್ನಾನ ಇಲ್ಲ, ಬುದ್ಧಿ ಬಂದ ಮೇಲೆ ಸ್ವಂತ ಮನಸ್ಸಿನಿಂದ ಪಡೆಯಬೇಕು ಎಂಬುದೇ ಅವರ ನಂಬಿಕೆಯ ಬುಡ. ಅದಕ್ಕಾಗಿಯೇ ಅವರು ದೇಶ ಬಿಟ್ಟದ್ದು.

ಫೋಟೊ ಗೋಡೆಯಿಂದ ಇಳಿಯಿತು. ಮತ್ತೆ ಪಟ್ಟಿಗೆ ಹೋದೆವು. ಮೂರು ಸಂಪುಟಗಳಲ್ಲಿ ಎರಡನೆಯದು ಮೂಲ ಸಹಿಗಳ ಪಡಿಯಚ್ಚು. ಮೂವರಲ್ಲಿ ಒಬ್ಬನಿಗೆ ಬರೆಯಲು ಬರುತ್ತಿರಲಿಲ್ಲ, ಅಡ್ಡಗೀಟು ಹಾಕಿದ್ದ. ಇನ್ನೊಬ್ಬ ಜ್ಯೂರಿಕ್‌ನವ. ಮೂರನೆಯವನ ಸಹಿ 1733ರದು. ಭೂತಗನ್ನಡಿ ಹಿಡಿದು ನೋಡಿದೆ. ಮೊದಲ ಅಕ್ಷರದ ಬಾಲ ಕೆಳಕ್ಕಿಳಿದು ಕುಡುಗೋಲಿನ ಹಾಗೆ ಬಾಗಿತ್ತು. ಉಯಿಲಿನ ಫೋಟೊ ಪಕ್ಕದಲ್ಲಿಟ್ಟೆ. ಮೂವತ್ತೇಳು ವರ್ಷದ ಅಂತರ. ಒಂದು ಗಟ್ಟಿ ಕೈ, ಒಂದು ನಡುಗುವ ಕೈ. ಬಾಗು ಒಂದೇ.

ಆದರೆ ಹಡಗಿನ ಪಟ್ಟಿಯಲ್ಲಿ ಊರು ಇಲ್ಲ. ಎಲ್ಲರಿಗೂ ಒಂದೇ ಹಣೆಪಟ್ಟಿ, ಪ್ಯಾಲಟೈನ್. ರೈನ್ ದಡದ ಪ್ಯಾಲಟಿನೇಟ್ ಸೀಮೆಯವರು ಅಂತ ಅರ್ಥ. ಸ್ವಿಸ್ ಮೆನ್ನೊನೈಟರ ಕಥೆಯಲ್ಲಿ ಈ ಸೀಮೆ ನಡುವಿನ ತಂಗುದಾಣ. 1648ರವರೆಗೆ ನಡೆದ ಮೂವತ್ತು ವರ್ಷದ ಯುದ್ಧದಲ್ಲಿ ಅದು ಹಾಳು ಬಿದ್ದಿತ್ತು. ಹೊಲ ಮಾಡುವ ಕೈಗಳು ಬೇಕಾಗಿದ್ದವು. ಅಲ್ಲಿನ ದೊರೆ ಕಾರ್ಲ್ ಲುಡ್ವಿಗ್ 1664ರಲ್ಲಿ ಮೆನ್ನೊನೈಟರಿಗೆ ಇರಲು ಅವಕಾಶ ಕೊಟ್ಟ. ಅದಕ್ಕೆ ಬೇರೆ ತೆರಿಗೆ, ಮನೆಮನೆಯ ಪಟ್ಟಿ. 1671ರಲ್ಲಿ ಬರ್ನ್ ಸೀಮೆಯಿಂದ ಓಡಿಸಿಕೊಂಡ ಸುಮಾರು 700 ಜನ ಬಂದು ಸೇರಿದ್ದು ಇಲ್ಲಿಗೇ. 1724ರ ಪಟ್ಟಿಯೊಂದರಲ್ಲಿ ನಮ್ಮ ಮನೆತನದ ಒಂದು ಮನೆ ಸಿಕ್ಕಿತು. ಅಲ್ಲಿಯೂ ಊರು ಇರಲಿಲ್ಲ.

ಆಗ ದಾರಿ ತೋರಿಸಿದ್ದು ಸ್ವಿಸ್ ಜನರ ಒಂದು ಪದ್ಧತಿ. ಅವರ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ಹುಟ್ಟಿದ ಊರು ಬರೆಯುವುದಿಲ್ಲ. ಮನೆತನಕ್ಕೆ ಪೌರತ್ವದ ಹಕ್ಕು ಇರುವ ಮೂಲ ಊರು ಬರೆಯುತ್ತಾರೆ. ಹೈಮಾಟ್‌ಓರ್ಟ್ ಅಂತಾರೆ. ಮೂರು ತಲೆಮಾರಿನಿಂದ ಯಾರೂ ಆ ಊರಿಗೆ ಕಾಲಿಡದಿದ್ದರೂ ಅದೇ. ಇದನ್ನು ತಿಳಿದ ದಿನ ನಾನು ಧಾರವಾಡಕ್ಕೆ ಫೋನ್ ಹಚ್ಚಿ ಅಜ್ಜಿಗೆ ಹೇಳಿದೆ. "ಮತ್ತ? ಹಂಗ ಇರಬೇಕಲ್ಲ," ಅಂದಳು. ಯಾವ ಮನೆತನ ಯಾವ ಊರಿನದು ಅಂತ ಹೇಳುವ ಒಂದು ದೊಡ್ಡ ಪಟ್ಟಿ ಇದೆ, 1962ರ ವೇಳೆಗೆ ಹಕ್ಕಿದ್ದ ಎಲ್ಲ ಮನೆತನಗಳೂ ಅದರಲ್ಲಿವೆ. ಈಗ ಇಂಟರ್‌ನೆಟ್‌ನಲ್ಲೇ ನೋಡಬಹುದು. ನಮ್ಮ ಹೆಸರಿನ ಮುಂದೆ ಹಳೇ ಕಾಲದಿಂದ ಹಕ್ಕುಳ್ಳ ಊರುಗಳು ಮೂರೇ ಇದ್ದವು. ಮೂರೂ ಬರ್ನ್ ಸೀಮೆಯ ಎಮ್ಮೆ ಎಂಬ ಹೆಸರಿನ ಹೊಳೆಯ ಕಣಿವೆಯಲ್ಲಿ. ಲಾಂಗ್ನೌ, ಟ್ರೂಬ್, ಎಗ್ಗಿವಿಲ್.

ಬರ್ನ್ ಸೀಮೆಯ ಚರ್ಚಿನ ಪುಸ್ತಕಗಳನ್ನು ಅಲ್ಲಿನ ಸರಕಾರಿ ಪತ್ರಾಗಾರ ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಇಟ್ಟಿದೆ. ಓದುವುದೇ ಕಷ್ಟ. ಕುರೆಂಟ್ ಎಂಬ ಹಳೇ ಕೈಬರಹ, ಅದರಲ್ಲಿ 'e' ಮತ್ತು 'n' ಎರಡೂ ಬರೀ ಗೀಟುಗಳು. ನಮ್ಮ ಮುತ್ತಜ್ಜನ ಕಾಲದ ಜಮೀನಿನ ಕಾಗದಗಳು ಮೋಡಿ ಅಕ್ಷರದಲ್ಲಿದ್ದವು, ಲೇಖಣಿ ಎತ್ತದೆ ಎಳೆದ ಅಕ್ಷರ. ಚಿಕ್ಕವಳಿದ್ದಾಗ ಅಪ್ಪ ಅದನ್ನು ಓದಿಸಲು ಒಬ್ಬ ವಯಸ್ಸಾದ ಮಾಸ್ತರರ ಹತ್ತಿರ ಹೋಗುತ್ತಿದ್ದರು. ಅವರು ಮೊದಲು ಗೊತ್ತಿರುವ ಹೆಸರನ್ನು ಹುಡುಕಿ, ಅದರಿಂದ ಅಕ್ಷರ ಕಲಿತು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ನಾನೂ ಹಾಗೇ ಮಾಡಿದೆ. ನಾಲ್ಕು ತಿಂಗಳಾದ ಮೇಲೆ ಒಂದು ಪುಟ ಓದಲು ಅರ್ಧ ಗಂಟೆ ಸಾಕಾಗುತ್ತಿತ್ತು.

ಟ್ರೂಬ್‌ನಲ್ಲಿ ಏನೂ ಇರಲಿಲ್ಲ. ಲಾಂಗ್ನೌ ಪುಸ್ತಕದಲ್ಲಿ 1705ರ ಏಪ್ರಿಲ್ 19, ಭಾನುವಾರ. ನಮ್ಮ ಮನೆತನದ ಹೆಸರು, ಅಜ್ಜನ ಹೆಸರು. ಹುಟ್ಟಿ ಎಂಟನೇ ದಿನ. ಫ್ರಿಜ್ ಬಾಗಿಲಿನ ಚೀಟಿ ಕಿತ್ತು ತಂದು ಪರದೆಯ ಪಕ್ಕ ಹಿಡಿದೆ. ಬರ್ನ್ ಪದ್ಧತಿಯಂತೆ ಗಂಡುಮಗುವಿಗೆ ಇಬ್ಬರು ಗಂಡಸರು, ಒಬ್ಬ ಹೆಂಗಸು ಸಾಕ್ಷಿ. ಇನ್ನೊಂದು ಒಳ್ಳೆಯ ಪದ್ಧತಿ, ಅಲ್ಲಿನ ಪುಸ್ತಕಗಳಲ್ಲಿ ತಾಯಿಯನ್ನು ತವರುಮನೆಯ ಹೆಸರಿನಿಂದ ಬರೆಯುತ್ತಾರೆ. ಆ ತವರಿನ ಹೆಸರನ್ನು ನಾನು ಆಗಲೇ ನೋಡಿದ್ದೆ. ಲ್ಯಾಂಕಾಸ್ಟರ್‌ನ 150 ಎಕರೆಯ ಚಕ್ಕುಬಂದಿಯಲ್ಲಿ, ಪೂರ್ವ ದಿಕ್ಕಿಗೆ. ಅಜ್ಜ ತನ್ನ ಸೋದರಮಾವನ ಕಡೆಯವರ ಹೊಲದ ಪಕ್ಕದಲ್ಲೇ ಹೊಲ ಹಿಡಿದಿದ್ದ.

ಮಕ್ಕಳಿಗೆ ದೀಕ್ಷಾಸ್ನಾನ ಬೇಡ ಅನ್ನುವವರ ಮಗು ಈ ಪುಸ್ತಕದಲ್ಲಿ ಹೇಗೆ ಬಂತು? ಅದಕ್ಕೆ ಉತ್ತರ ಬೇರೆ ಪುಸ್ತಕದಲ್ಲಿತ್ತು. ಪ್ರತಿ ಊರಿನಲ್ಲೂ ಕೋರ್‌ಗೆರಿಖ್ಟ್ ಅಂತ ಚರ್ಚಿನ ಪಂಚಾಯ್ತಿ ಇತ್ತು. ಕುಡಿದವರು, ಜಗಳವಾಡಿದವರು, ಚರ್ಚಿಗೆ ಬರದವರು, ಎಲ್ಲರನ್ನೂ ಕರೆಸಿ ಕೇಳಿ ಬರೆದಿಡುತ್ತಿತ್ತು. ಬರ್ನ್‌ನಲ್ಲಿ ಈ ಕೆಲಸ ಮಾಡುವ ಒಬ್ಬ ಮಹಿಳೆಗೆ ದುಡ್ಡು ಕೊಟ್ಟು ಪುಟಗಳ ಫೋಟೊ ತರಿಸಿದೆವು. 1705ರಲ್ಲಿ ತಾಯಿಯನ್ನು ಕರೆಸಿದ್ದಾರೆ. ಮಗುವನ್ನು ಯಾಕೆ ತಂದಿಲ್ಲ? ಗಡುವು ಕೊಟ್ಟಿದ್ದಾರೆ. ಅದಾದ ಮೇಲೆ ಏಪ್ರಿಲ್ 19. 1706ರಲ್ಲಿ ಮತ್ತೆ ಅವಳೇ. ಗಂಡ ಎಲ್ಲಿ? ಗೊತ್ತಿಲ್ಲ. 1709ರಲ್ಲಿ ಮತ್ತೆ. ಗಂಡ ಎಲ್ಲಿ? ಗೊತ್ತಿಲ್ಲ. ಆ ವರ್ಷಗಳಲ್ಲಿ ಮೆನ್ನೊನೈಟರನ್ನು ಹಿಡಿದುಕೊಡುವವರಿಗೆ ಸರಕಾರ ಇನಾಮು ಕೊಡುತ್ತಿತ್ತು. ಸಿಕ್ಕಿದವರನ್ನು ಟ್ರಾಕ್ಸೆಲ್‌ವಾಲ್ಡ್ ಕೋಟೆಯಲ್ಲಿ ಕೂಡಿಹಾಕುತ್ತಿದ್ದರು. ಗಂಡ ಎಲ್ಲಿದ್ದಾನೆ ಅಂತ ಅವಳಿಗೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ವರ್ಷಗಟ್ಟಲೆ ಹೇಳದೆ ಇದ್ದಳು.

ಆ ಪುಟಗಳನ್ನು ಓದುವಾಗ ನನಗೆ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ನೆನಪಾದರು. ನಮ್ಮ ಕಡೆ ಎರಡು ಮೂರು ವರ್ಷಕ್ಕೊಮ್ಮೆ ಹೆಳವ ಎತ್ತಿನ ಜೊತೆ ಬರುತ್ತಿದ್ದ. ಎತ್ತಿನ ಕೊರಳ ಗಂಟೆ ಕೇಳಿದರೆ ಅಜ್ಜಿ ಕಟ್ಟೆಗೆ ಕಂಬಳಿ ಹಾಸುತ್ತಿದ್ದಳು. ಅವನು ಕೂತು ನಮ್ಮ ಮನೆತನ ಎಲ್ಲಿಂದ ಬಂತು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದ. ಅಜ್ಜಿ ಮೊರದ ತುಂಬ ಜೋಳ ಕೊಡುತ್ತಿದ್ದಳು, ಆ ವರ್ಷ ಹುಟ್ಟಿದ ಮಕ್ಕಳ ಹೆಸರು ಹೇಳಿ ಬರೆಸುತ್ತಿದ್ದಳು. ನಮ್ಮ ವಂಶವನ್ನು ನೆನಪಿಟ್ಟವರು ನಮ್ಮ ಮನೆಯ ಜೋಳ ಉಂಡವರು. ಮಾವನ ವಂಶವನ್ನು ಬರೆದಿಟ್ಟವರು ಅವರನ್ನು ಅಟ್ಟಿಸಿಕೊಂಡು ಬಂದವರು. ಹೆಸರು, ತಾರೀಖು, ತವರು, ಎಲ್ಲ ತಪ್ಪಿಲ್ಲದೆ ಬರೆದಿದ್ದಾರೆ. ಅಜ್ಜನ ಜನ ಅಡಗಿಕೊಂಡಿದ್ದವರು, ತಾವಾಗಿ ಏನನ್ನೂ ಬರೆದಿಡಲಿಲ್ಲ. ಅವರ ಮಾತು ಸಿಕ್ಕಿದ್ದು ವೈರಿಯ ಪುಸ್ತಕದಲ್ಲಿ. ಇದನ್ನು ಮಾವನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

1711ರಲ್ಲಿ ಬರ್ನ್ ಸರಕಾರ ಆಸ್ತಿ ಮಾರಿಕೊಂಡು ದೇಶ ಬಿಟ್ಟು ಹೋಗಲು ಮೆನ್ನೊನೈಟರಿಗೆ ಅವಕಾಶ ಕೊಟ್ಟಿತು. ಆ ಬೇಸಿಗೆ ನೂರಾರು ಜನರನ್ನು ದೋಣಿಗಳಲ್ಲಿ ರೈನ್ ನದಿಗುಂಟ ಕಳಿಸಿದರು. ನಮ್ಮವರು ಅದೇ ದೋಣಿಗಳಲ್ಲಿ ಇದ್ದರೋ, ನಡೆದು ಹೋದರೋ ಹೇಳಲು ಬರುವುದಿಲ್ಲ. ಲಾಂಗ್ನೌ ಪಂಚಾಯ್ತಿಯಲ್ಲಿ ತಾಯಿಯ ಹೆಸರು ಆ ವರ್ಷಕ್ಕೆ ನಿಲ್ಲುತ್ತದೆ. ಅಜ್ಜನಿಗೆ ಆಗ ಆರು ವರ್ಷ.

ಮನೆತನದ ಹೆಸರು ಮಾತ್ರ ಇನ್ನೊಂದು ಸಲ ಬರುತ್ತದೆ. 1712ರಲ್ಲಿ. ಹತ್ತು ವರ್ಷದ ಹುಡುಗಿ, ತಂದೆತಾಯಿ ದೇಶ ಬಿಟ್ಟಿದ್ದಾರೆ, ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಪಾದ್ರಿಯ ಪಾಠಕ್ಕೆ ತಪ್ಪದೆ ಬರಬೇಕು ಅಂತ ಅಪ್ಪಣೆ. ಅಜ್ಜನ ಅಕ್ಕ. ಹೆಸರು ವೆರೆನಾ. ಅವಳನ್ನು ಯಾಕೆ ಬಿಟ್ಟು ಹೋದರು ಅಂತ ಎಲ್ಲೂ ಇಲ್ಲ. ಇಪ್ಪತ್ತೆರಡು ವರ್ಷದ ನಂತರ ಅವಳ ತಮ್ಮ ಸಮುದ್ರ ದಾಟಿದ, ತನ್ನ ಹಿರಿ ಮಗಳಿಗೆ ಅದೇ ಹೆಸರಿಟ್ಟ. ಆ ಸೀಮೆಯಲ್ಲಿ ವೆರೆನಾ ತೀರಾ ಸಾಮಾನ್ಯ ಹೆಸರು, ಇದನ್ನು ಸಾಕ್ಷಿ ಅನ್ನಲಾಗದು. ಆದರೂ ಮಾವ ಮತ್ತು ನಾನು ಇಬ್ಬರೂ ಅದನ್ನು ಅಕ್ಕನ ಹೆಸರು ಅಂತಲೇ ಹೇಳುತ್ತೇವೆ.

ಹೋದ ದೀಪಾವಳಿಗೆ ಅಜ್ಜಿಗೆ ವಿಡಿಯೊ ಕಾಲ್ ಮಾಡಿದೆವು. ಅವಳಿಗೀಗ ತೊಂಬತ್ತೊಂದು. ಮಾವ ತಾವೇ ಕನ್ನಡದಲ್ಲಿ ಹೇಳಬೇಕು ಅಂತ ಒಂದು ವಾರ ಅಭ್ಯಾಸ ಮಾಡಿದ್ದರು. "ಬೀಗರ, ನಮ್ಮ ಊರು ಲಾಂಗ್ನೌ."

"ಹೌದ್ರಿ? ಛಲೋ ಆತು. ಅಲ್ಲಿ ಏನ್ ಬೆಳೀತಾರ?"

ಗುಡ್ಡದ ಸೀಮೆ, ಹುಲ್ಲು, ಆಕಳು, ಹಾಲು, ದೊಡ್ಡ ದೊಡ್ಡ ಚೀಸ್ ಗಾಲಿಗಳು ಅಂತ ನಾನು ವಿವರಿಸಿದೆ. ಆಮೇಲೆ ವೆರೆನಾ ಕಥೆಯನ್ನೂ ಹೇಳಿದೆ. ಅಜ್ಜಿ ಸೆರಗಿನ ತುದಿ ಬಾಯಿಗೆ ಹಿಡಿದು ಕೇಳಿದಳು.

"ಮತ್ತ ಆ ಹುಡುಗಿ ಏನಾದ್ಲು? ಯಾರ ಮನಿಗೆ ಕೊಟ್ರು?"

ಲಾಂಗ್ನೌ ಮದುವೆಯ ಪುಸ್ತಕವನ್ನು ಮಾವ 1718ರಿಂದ ಓದುತ್ತಿದ್ದಾರೆ, ದಿನಕ್ಕೆ ಎರಡು ಪುಟ. ನಿನ್ನೆ ಸಂಜೆಗೆ 1723 ಮುಗಿಯಿತು.